ಮೋಟಾರಿನ ಹೆಡ್‌ಲೈಟನ್ನು ಬಿಚ್ಚುವುದು ಹೇಗೆ?

ಶಿರಾದ ಮಗ್ಗುಲಲ್ಲಿ ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ ಗಾಡಿ ನಡೆಸುವವನನ್ನು ಎದುರುಗಾಡಿಗಳ ಬೆಳಕು ಅಷ್ಟಾಗಿ ಕಾಡುವುದಿಲ್ಲ. ಹೋಗುವ ದಾರಿಗೂ ಬರುವ ದಾರಿಗೂ ನಡುವೆ ವಿಭಜಕವಿದೆ. ಅಲ್ಲಿಂದ ಪೂರ್ವಕ್ಕೆ ತಿರುಗಿ ಮಧುಗಿರಿಯ ಕಡೆಗೋ, ಮುಂದೆ ಕೊರಟಗೆರೆ ಅಥವಾ ಪಾವಗಡದ ಹಳ್ಳಿಗಳ ಕಡೆಗೋ ಹೊರಟಾಗ ಸಂಗತಿಯೇ ಬೇರೆ. ಒಳರಸ್ತೆಗಳಲ್ಲಿ ಊರು ದಾಟಿದರೆ ಬೀದಿದೀಪವಿಲ್ಲ. ಎರಡು ದಿಕ್ಕಿನ ಗಾಡಿಗಳಿಗೂ ಒಂದೇ ಡಾಂಬರಿನ ಪಟ್ಟಿ. ಅದರ ಅಂಚಿನಲ್ಲಿ ಕಡಲೆಕಾಯಿ ಮೂಟೆ ಹೇರಿದ ಟ್ರ್ಯಾಕ್ಟರು, ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡು, ಕುರಿಮಂದೆಯೊಡನೆ ನಡೆದುಬರುವ ಕುರಿಗಾಹಿ. ಇಂಥ ದಾರಿಯಲ್ಲಿ ಹಳೆಯ ಕಾರಿನ ಮಂಕು ದೀಪವನ್ನು ನೆಚ್ಚಿ ಓಡಾಡುವವನಿಗೆ, ಅದನ್ನು ಬಿಚ್ಚಿ ಒಳಗೆ ಏನಾದರೂ ಮಾಡಿ ಬೆಳಕನ್ನು ಹೆಚ್ಚಿಸಿಕೊಳ್ಳಬೇಕೆಂಬ ಆಸೆ ಹುಟ್ಟುವುದು ಸಹಜ. ಆ ಕೆಲಸವನ್ನು ಅಪಾಯವಿಲ್ಲದೆ ಮಾಡುವ ಬಗೆ ಯಾವುದು, ಬಿಚ್ಚಿದ ಮೇಲೆ ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಅಂಬಾಸಿಡರ್ ಕಾರಿನ ಕಾಲದಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುತ್ತಿರಲಿಲ್ಲ. ಅದರದು ಏಳು ಅಂಗುಲ ವ್ಯಾಸದ ದುಂಡು ದೀಪ, ಮುಂದೆ ಗಾಜು. ಕೆಟ್ಟರೆ ನಾಲ್ಕು ತಿರುಪು ಬಿಚ್ಚಿ ಬೇರೆಯದನ್ನು ಕೂರಿಸಿದರೆ ಮುಗಿಯಿತು. ಅಮೆರಿಕದಲ್ಲಂತೂ 1940ರಿಂದ ಗಾಜಿನಲ್ಲೇ ಬೆಸೆದು ಮುಚ್ಚಿದ ದೀಪವೇ ಕಡ್ಡಾಯವಾಗಿತ್ತು. 1983ರಲ್ಲಿ ಅಲ್ಲಿನ ನಿಯಮ ಸಡಿಲವಾದ ಮೇಲೆ ಕಾರಿನ ಮೈಗೆ ಹೊಂದುವ ಆಕಾರದ ಪ್ಲಾಸ್ಟಿಕ್ ದೀಪಗಳು ಬಂದವು. ಇಂದಿನ ಕಾರುಗಳ ದೀಪದ ಮುಂಭಾಗವೆಲ್ಲ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕು. ಇದು ಗಾಜಿಗಿಂತ ಹಗುರ, ಕಲ್ಲು ಸಿಡಿದರೂ ಸುಲಭವಾಗಿ ಒಡೆಯದು. ಆದರೆ ಮೈಮೇಲೆ ಬೇಗ ಗೀರು ಬೀಳುತ್ತದೆ, ಬಿಸಿಲಿಗೆ ಬೇಗ ಸೋಲುತ್ತದೆ.

ಪಾವಗಡದ ಬಿಸಿಲಿನ ಬಲವನ್ನು ಆ ತಾಲ್ಲೂಕಿನ ತಿರುಮಣಿಯ ಸುತ್ತಣ ಸೌರವಿದ್ಯುತ್ ಉದ್ಯಾನವೇ ಸಾರುತ್ತದೆ. ಸುಮಾರು 13,000 ಎಕರೆಗಳಲ್ಲಿ ಹರಡಿ, 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯವನ್ನು ಮುಟ್ಟಿದ ಉದ್ಯಾನ ಅದು. ಅಲ್ಲಿ ವಿದ್ಯುತ್ತನ್ನು ಕೊಡುವ ಸೂರ್ಯನೇ ಇಲ್ಲಿ ದೀಪದ ಪ್ಲಾಸ್ಟಿಕ್ಕನ್ನು ಹಳದಿಗಟ್ಟಿಸುತ್ತಾನೆ. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಪಾಲಿಕಾರ್ಬೊನೇಟಿನ ಅಣುಸರಪಳಿಗಳನ್ನು ಕಡಿಯುತ್ತವೆ. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ತೆಳುವಾದ ಗಟ್ಟಿ ಲೇಪವೊಂದನ್ನು ಬಳಿದಿರುತ್ತಾರೆ. ಧೂಳು, ಬಿಸಿಲು, ವರ್ಷಗಳ ಉಜ್ಜಾಟದಿಂದ ಆ ಲೇಪ ಸವೆದಾಗ ದೀಪಕ್ಕೆ ಪೊರೆ ಬರುತ್ತದೆ.

ಈಗ ವಾಚಕರು ಮುಖ್ಯವಾದ ಒಂದು ಮಾತನ್ನು ಗಮನಿಸಬೇಕು. ಈ ಪೊರೆ ಇರುವುದು ಹೊರಮೈಯಲ್ಲಿ. ಅದನ್ನು ತೆಗೆಯಲು ದೀಪವನ್ನು ಬಿಚ್ಚಬೇಕಾದ ಅಗತ್ಯವೇ ಇಲ್ಲ. 1,000, 2,000, 3,000 ಅಂಕದ ಉಜ್ಜುಕಾಗದಗಳಿಂದ, ನೀರು ಬಿಡುತ್ತಾ, ಒಂದಾದ ಮೇಲೊಂದರಂತೆ ಉಜ್ಜಿ, ಪಾಲಿಷ್ ಹಾಕಿ, ನೇರಳಾತೀತ ಕಿರಣವನ್ನು ತಡೆಯುವ ವಾರ್ನಿಷನ್ನು ಬಳಿದರೆ ಸಾಕು. ಬಳಿಯದೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಹಳದಿ. (ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಿದರೆ ಹೊಳೆಯುವುದು ನಿಜ, ಆ ಹೊಳಪಿನ ಆಯುಸ್ಸು ಬಹಳ ಕಡಿಮೆ.) ನಮ್ಮ ಅಂದಾಜಿನಲ್ಲಿ, ದೀಪ ಬಿಚ್ಚಲು ಹೊರಟವರಲ್ಲಿ ಬಹುಮಂದಿಯ ಕೆಲಸ ಇಷ್ಟರಲ್ಲೇ ಮುಗಿಯುತ್ತದೆ.

ಒಳಗೆ ಕೆಸರುನೀರು ಸೇರಿ ಕಲೆಯಾಗಿದ್ದರೆ, ಪ್ರತಿಫಲಕದ ಕೊಂಡಿ ಮುರಿದು ದೀಪ ಅಲುಗುತ್ತಿದ್ದರೆ, ಅಥವಾ ಅಲಂಕಾರದ ಅಂಚಿಗೆ ಬಣ್ಣ ಬಳಿಯಬೇಕಾಗಿದ್ದರೆ ಮಾತ್ರ ಬಿಚ್ಚಲೇಬೇಕಾಗುತ್ತದೆ. ಆಗ ಎದುರಾಗುವುದು ಅಂಟು. ಪ್ಲಾಸ್ಟಿಕ್ ಮುಖವನ್ನು ಹಿಂದಿನ ಗೂಡಿಗೆ ಸೇರಿಸಲು ಸಾಮಾನ್ಯವಾಗಿ ಬಳಸುವುದು ಬ್ಯುಟೈಲ್ ರಬ್ಬರಿನ ಅಂಟು. ಇದು ನಮಗೆ ಅಪರಿಚಿತ ವಸ್ತುವೇನಲ್ಲ. 1937ರಲ್ಲಿ ಅಮೆರಿಕದ ಥಾಮಸ್ ಮತ್ತು ಸ್ಪಾರ್ಕ್ಸ್ ಎಂಬ ರಸಾಯನ ವಿಜ್ಞಾನಿಗಳು ಕಂಡುಹಿಡಿದ ಈ ರಬ್ಬರು ಗಾಳಿಯನ್ನು ಹೊರಬಿಡದ ಗುಣದಿಂದಾಗಿ ಟೈರಿನ ಟ್ಯೂಬುಗಳಿಗೆ ಬಂದಿತು. ಪಂಕ್ಚರ್ ಅಂಗಡಿಯಲ್ಲಿ ತೂಗುವ ಕರಿಯ ಟ್ಯೂಬು ಬಹುಮಟ್ಟಿಗೆ ಇದೇ. ಟ್ಯೂಬಿನಲ್ಲಿ ಗಂಧಕ ಸೇರಿಸಿ ಹದಗೊಳಿಸಿರುವುದರಿಂದ ಅದು ಕರಗದು. ದೀಪದ ಅಂಟಿನಲ್ಲಿ ಹಾಗೆ ಮಾಡಿರುವುದಿಲ್ಲ; ಬಿಸಿಗೆ ಅದು ಮೆತ್ತಗಾಗುತ್ತದೆ, ತಣಿದರೆ ಮತ್ತೆ ಬಿಗಿಯುತ್ತದೆ. ಸುಮಾರು 90ರಿಂದ 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅಂಟು ಹಲಸಿನ ಮೇಣದಂತೆ ಎಳೆಎಳೆಯಾಗುತ್ತದೆ. ಪಾಲಿಕಾರ್ಬೊನೇಟ್ ಮೆತ್ತಗಾಗುವುದು 147 ಡಿಗ್ರಿಯ ಆಸುಪಾಸಿನಲ್ಲಿ. ಹಿಂದಿನ ಗೂಡು ಅನೇಕ ವೇಳೆ ಪಾಲಿಪ್ರೊಪಿಲೀನ್. ಅದು ಅದಕ್ಕೂ ಮೊದಲೇ ಸೊಟ್ಟಗಾಗಬಹುದು. ಈ ಕಿರಿದಾದ ಅಂತರದಲ್ಲೇ ನಮ್ಮ ಕೆಲಸವೆಲ್ಲ ನಡೆಯಬೇಕು.

ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಿ, ದೀಪವನ್ನು ಕಾರಿನಿಂದ ಹೊರತೆಗೆದು, ಬಲ್ಬುಗಳನ್ನೂ ರಬ್ಬರು ಮುಚ್ಚಳಗಳನ್ನೂ ಸುತ್ತಣ ತಿರುಪು, ಕ್ಲಿಪ್ಪುಗಳನ್ನೂ ಬಿಡಿಸಿಡಬೇಕು. ಮರೆತ ಒಂದು ತಿರುಪು ಸಾಕು, ಎಳೆಯುವಾಗ ಗೂಡು ಸೀಳಲು. ಕ್ಸೆನಾನ್ ದೀಪವಾದರೆ ಇಲ್ಲಿಗೇ ನಿಲ್ಲಿಸುವುದು ಲೇಸು: ಅದನ್ನು ಹೊತ್ತಿಸುವ ಮಿಡಿತ 20 ಸಾವಿರ ವೋಲ್ಟಿಗೂ ಮಿಗಿಲಾದುದು. ಎಲ್‌ಇಡಿಗಳನ್ನು ಒಳಗೇ ಹೂಡಿದ ದೀಪವನ್ನೂ ಬಿಸಿಗೆ ಒಡ್ಡಬಾರದು.

ಬಿಸಿ ಕೊಡಲು ವಿದ್ಯುತ್ ಒಲೆಪೆಟ್ಟಿಗೆಯನ್ನು 100 ಡಿಗ್ರಿಗೆ ಕಾಯಿಸಿ, ಒಳಗೆ ಮರದ ಹಲಗೆಯಿಟ್ಟು, ಅದರ ಮೇಲೆ ದೀಪವನ್ನು ಲೋಹಕ್ಕೆ ತಾಗದಂತೆ ಎಂಟು ಹತ್ತು ನಿಮಿಷ ಇಡುವುದು ರೂಢಿ. ಪೆಟ್ಟಿಗೆಯ ಗುಂಡಿಯ ಮೇಲಿನ ಅಂಕಿಯನ್ನು ನಂಬಬಾರದು. ಪ್ರತ್ಯೇಕ ಉಷ್ಣಮಾಪಕ ಬೇಕು. ಅಡುಗೆಗೆ ಬಳಸುವ ಪೆಟ್ಟಿಗೆಯಂತೂ ಕೂಡದು. ಅಷ್ಟು ದೊಡ್ಡ ಪೆಟ್ಟಿಗೆ ಇಲ್ಲದವರು ಬಿಸಿಗಾಳಿಯ ಗನ್ನನ್ನು ಅಂಟಿನ ಗೆರೆಯುದ್ದಕ್ಕೂ ಆಡಿಸಬಹುದು, ಒಂದೆಡೆ ನಿಲ್ಲಿಸದೆ. ಗ್ಯಾಸ್ ಒಲೆಯ ಉರಿ, ಬೆಸುಗೆಯ ಉರಿ ಎರಡೂ ನಿಷಿದ್ಧ. ಬಳಿಕ ದಪ್ಪ ಕೈಚೀಲ ತೊಟ್ಟು, ಒಬ್ಬರು ಗೂಡನ್ನು ಹಿಡಿದಿರಲು, ಇನ್ನೊಬ್ಬರು ಮೂಲೆಯೊಂದರಲ್ಲಿ ಮರದ ಅಥವಾ ಪ್ಲಾಸ್ಟಿಕ್ಕಿನ ಬೆಣೆಯನ್ನು ತೂರಿಸಿ ನಿಧಾನವಾಗಿ ಎಬ್ಬಿಸಬೇಕು. ಸ್ಕ್ರೂಡ್ರೈವರಿನಿಂದ ಮೀಟಿದರೆ ಅಂಚು ಒಡೆಯುವುದು ಖಂಡಿತ. ಎರಡು ಬಾರಿ ಕಾಯಿಸಿದರೂ ಅಂಟು ಎಳೆಯಾಗದಿದ್ದರೆ ಅದು ಬ್ಯುಟೈಲ್ ಅಲ್ಲ, ಬಿಸಿಗೆ ಕರಗದ ಬೇರೆ ಜಾತಿಯದು. ಬಲಪ್ರಯೋಗ ಮಾಡದೆ ಕೈಬಿಡುವುದೇ ಜಾಣತನ.

ತೆರೆದಾಗ ಕಣ್ಣಿಗೆ ಬೀಳುವ ಬೆಳ್ಳಿಯ ಬಟ್ಟಲೇ ಪ್ರತಿಫಲಕ. ಅದರ ಹೊಳಪು ನಿರ್ವಾತದಲ್ಲಿ ಲೇಪಿಸಿದ ಅಲ್ಯೂಮಿನಿಯಮ್ಮಿನದು. ಆ ಲೇಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟೇ ದಪ್ಪ. ಬಟ್ಟೆಯಿಂದ ಒರೆಸಿದರೆ ಧೂಳಿನ ಜೊತೆಗೆ ಕನ್ನಡಿಯೂ ಹೋಗುತ್ತದೆ. ಧೂಳನ್ನು ಗಾಳಿ ಊದಿಯೇ ಕಳೆಯಬೇಕು. ಪ್ಲಾಸ್ಟಿಕ್ ಮುಖವನ್ನು ಸಾಬೂನಿನ ನೀರಿನಿಂದ ತೊಳೆಯಬಹುದು. ಥಿನ್ನರ್, ಅಸಿಟೋನ್ ತಾಗಿದರೆ ಅದರ ಮೈಯೆಲ್ಲ ಕೂದಲೆಳೆಯ ಬಿರುಕು.

ಇನ್ನು, ಒಳಗೆ ಬೆಳಕಿನ ಮೂಲವನ್ನೇ ಬದಲಿಸುವ ಮಾತು. ಪರವಲಯಾಕಾರದ ಪ್ರತಿಫಲಕದ ನಾಭಿಯಲ್ಲಿ ಇಟ್ಟ ದೀಪದ ಬೆಳಕು ಸಮಾಂತರ ಕಿರಣಗಳಾಗಿ ಹೊರಡುತ್ತದೆಯೆಂಬುದು ಶಾಲೆಯ ಪಾಠ. ಎಚ್-4 ಎಂಬ ಸಾಮಾನ್ಯ ಹ್ಯಾಲೊಜೆನ್ ಬಲ್ಬಿನಲ್ಲಿ ಎರಡು ತಂತುಗಳಿವೆ: ದೂರದ ಬೆಳಕಿನದು ನಾಭಿಯಲ್ಲಿ, ಡಿಮ್ಮಿನದು ನಾಭಿಗಿಂತ ತುಸು ಮುಂದೆ, ಅದರಡಿಯಲ್ಲಿ ಪುಟ್ಟ ಲೋಹದ ತಟ್ಟೆ. ಆ ತಟ್ಟೆಯ ನೆರಳೇ ಎದುರಿನವನ ಕಣ್ಣಿಗೆ ರಕ್ಷೆ. ನಾಭಿದೂರ 25 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಬೆಳಕಿನ ಮೂಲ ಒಂದೇ ಮಿಲಿಮೀಟರ್ ಕೆಳಗೆ ಸರಿದರೆ ಕಿರಣ ಪ್ರತಿ 25 ಮೀಟರಿಗೆ ಒಂದು ಮೀಟರ್ ಮೇಲೇರುತ್ತದೆ. 65 ಸೆಂಟಿಮೀಟರ್ ಎತ್ತರದಲ್ಲಿದ್ದು ಪ್ರತಿ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಯಬೇಕಾಗಿದ್ದ ಡಿಮ್ಮಿನ ಅಂಚು, 25 ಮೀಟರ್ ದೂರದಲ್ಲಿ 40 ಸೆಂಟಿಮೀಟರಿಗೆ ಬದಲಾಗಿ 140 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಮೊಪೆಡ್ಡಿನವನ ಮುಖ ಇರುವುದು ಅಲ್ಲಿಯೇ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಐದು ಸೆಕೆಂಡು ಕಣ್ಣು ಕತ್ತಲಿಟ್ಟರೆ ಅವನು 83 ಮೀಟರ್ ಕುರುಡನಾಗಿ ಸಾಗಿರುತ್ತಾನೆ. ಅಂಗಡಿಯ ಎಲ್‌ಇಡಿ ಬಲ್ಬನ್ನು ಹ್ಯಾಲೊಜೆನ್ನಿನ ಪ್ರತಿಫಲಕಕ್ಕೆ ಸಿಕ್ಕಿಸಿದಾಗ ಅನೇಕ ವೇಳೆ ಆಗುವುದು ಇದೇ. ಅದರ ಹೊಳೆಯುವ ಚುಕ್ಕೆಗಳ ಗಾತ್ರವಾಗಲಿ ಸ್ಥಾನವಾಗಲಿ ತಂತುವಿನದಾಗಿರುವುದಿಲ್ಲ. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕೋರೈಸುವ ದೀಪಗಳ ಮೇಲೆ ರಾಜ್ಯದಾದ್ಯಂತ ಮೊಕದ್ದಮೆ ಹೂಡಲು ತೊಡಗಿದುದು ಈ ಉಪದ್ರವದಿಂದಲೇ.

60 ವಾಟಿನ ಸ್ಥಾನದಲ್ಲಿ 100 ವಾಟಿನ ಬಲ್ಬನ್ನು ಹಾಕುವವರೂ ಉಂಟು. 12 ವೋಲ್ಟಿನಲ್ಲಿ 5 ಆಂಪಿಯರ್ ಇದ್ದ ಪ್ರವಾಹ 8.3 ಆಂಪಿಯರ್ ಆಗುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕನುಸಾರವಾಗಿ 2.8 ಪಟ್ಟು. ಮೊದಲು ಸುಡುವುದು ಬಲ್ಬಿನ ಹಿಂದಿನ ಜೋಡಣೆ.

ಮುಚ್ಚುವಾಗ ಹಳೆಯ ಅಂಟನ್ನು ಪೂರ್ತಿ ಕೆರೆದು ಹೊಸ ಬ್ಯುಟೈಲ್ ಎಳೆಯನ್ನು ತೋಡಿನಲ್ಲಿ ಹಾಸಿ, ಮತ್ತೆ ಕಾಯಿಸಿ ಒತ್ತಬೇಕು. ಹುಳಿವಾಸನೆಯ ಸಿಲಿಕೋನ್ ಬೇಡ. ಅದು ಬಿಡುವ ಅಸಿಟಿಕ್ ಆಮ್ಲದ ಆವಿ ಪ್ರತಿಫಲಕವನ್ನು ಮಸುಕಾಗಿಸುತ್ತದೆ. ದೀಪದ ಹಿಂಬದಿಯ ಉಸಿರುಕಿಂಡಿಯನ್ನು ಮಾತ್ರ ಮುಚ್ಚಕೂಡದು. ಒಳಗಿನ ಗಾಳಿ 25 ಡಿಗ್ರಿಯಿಂದ 75ಕ್ಕೆ ಏರಿದರೆ ಅದರ ಗಾತ್ರ ಸುಮಾರು ಶೇಕಡ 17ರಷ್ಟು ಹಿಗ್ಗುತ್ತದೆ; ಹೋಗಲು ಅದಕ್ಕೊಂದು ದಾರಿ ಬೇಕು. ಇಲ್ಲವಾದರೆ ಹೊಸ ಅಂಟನ್ನೇ ಸೀಳಿ ದಾರಿ ಮಾಡಿಕೊಂಡು, ಮಳೆ ಬಿದ್ದು ತಣಿದಾಗ ನೀರನ್ನು ಒಳಗೆಳೆಯುತ್ತದೆ.

ದೀಪವನ್ನು ಕಾರಿಗೆ ತೊಡಿಸಿದ ರಾತ್ರಿಯೇ ಪರೀಕ್ಷೆ ನಡೆಸಬೇಕು. ಸಮನೆಲದಲ್ಲಿ ಗೋಡೆಯೊಂದಕ್ಕೆ ಎದುರಾಗಿ 10 ಮೀಟರ್ ದೂರದಲ್ಲಿ ಕಾರನ್ನು ನಿಲ್ಲಿಸಿ, ಟೈರಿಗೆ ಸರಿಯಾದ ಗಾಳಿ ತುಂಬಿಸಿ, ಚಾಲಕನ ಸ್ಥಾನದಲ್ಲಿ ಒಬ್ಬರನ್ನು ಕೂರಿಸಿ, ದೀಪದ ನಡುಬಿಂದುವಿನ ಎತ್ತರವನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಗುರುತಿಸಿರಿ. ಡಿಮ್ಮಿನ ಮೇಲಂಚು ಆ ಗೆರೆಗಿಂತ 10 ಸೆಂಟಿಮೀಟರ್ ಕೆಳಗಿರಬೇಕು. ಬಲಕ್ಕೆ ಸಪಾಟಾಗಿದ್ದು ಎಡಕ್ಕೆ ಮಾತ್ರ ಏರಬೇಕು. ಬಲಕ್ಕೆ ಏರಿದರೆ ಅದು ರಸ್ತೆಯ ಬಲಬದಿಯಲ್ಲಿ ಸಂಚರಿಸುವ ದೇಶಗಳಿಗೆಂದು ಮಾಡಿದ ದೀಪ, ನಮ್ಮಲ್ಲಿ ಸಲ್ಲದು. 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 106ನೆಯ ನಿಯಮವು ಕೇಳುವುದೂ ಹೆಚ್ಚುಕಡಮೆ ಇದನ್ನೇ: ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣು ಕೋರೈಸಬಾರದು. ಅಂಚು ತಪ್ಪಿದ್ದರೆ ದೀಪದ ಹಿಂದಿರುವ ಹೊಂದಿಕೆಯ ತಿರುಪನ್ನು ಕಾಲುಸುತ್ತಿನಂತೆ ತಿರುಗಿಸಿ, ಪ್ರತಿ ಸಲವೂ ಗೋಡೆಯನ್ನು ನೋಡುತ್ತಾ ಸರಿಪಡಿಸಬಹುದು. ಒಂದು ದೀಪವನ್ನು ಸರಿಪಡಿಸುವಾಗ ಇನ್ನೊಂದನ್ನು ದಪ್ಪ ಬಟ್ಟೆಯಿಂದ ಮುಚ್ಚಿದರೆ ಎರಡರ ಬೆಳಕೂ ಬೆರೆತು ಗೊಂದಲವಾಗದು. ಬಿಸಿಗೆ ಬಟ್ಟೆ ಕಂದದಂತೆ ಎರಡು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿರಿ.