ಚರಂಡಿಯ ಕೆಸರು, ಅದರೊಳಗಿನ ಸೂಕ್ಷ್ಮಜೀವಿಗಳು ಮತ್ತು ತೆಂಗಿನ ತೋಟದ ಗೊಬ್ಬರ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗು ರೈತರ ಮುಖ್ಯ ಜೀವನಾಧಾರವು. ಈ ಸೀಮೆಯಲ್ಲಿ ಮಳೆ ಕಡಮೆ. ಮರಳು ಬೆರೆತ ಕೆಂಪು ಭೂಮಿಗೆ ನೀರನ್ನು ಹಿಡಿದಿಡುವ ಶಕ್ತಿ ಸಾಲದು. ಆದಕಾರಣ ಚೆನ್ನಾಗಿ ಕಳಿತ ಗೊಬ್ಬರವು ಇಲ್ಲಿನ ಮರಗಳಿಗೆ ಅತ್ಯವಶ್ಯಕ. ದನಕರುಗಳು ಕಡಮೆಯಾದ ಕಡೆ ಕೊಟ್ಟಿಗೆ ಗೊಬ್ಬರವೂ ದುರ್ಲಭ. ಇತ್ತ ಪಟ್ಟಣದ ಮನೆಗಳ ಶೌಚಗುಂಡಿಗಳಲ್ಲಿ ಕೆಸರು ತುಂಬುತ್ತಲೇ ಇರುವುದು. ಅದನ್ನು ತೋಟಕ್ಕೆ ತರಬಹುದೇ, ತಂದರೆ ಯಾವ ಕ್ರಮದಿಂದ ಉಪಯೋಗಿಸತಕ್ಕದ್ದು ಎಂಬುದನ್ನು ಇಲ್ಲಿ ವಿವರಿಸಿದೆ.

ಕೆಸರಿನಲ್ಲಿರುವ ಜೀವಿಗಳು

ಕೆಸರಿನಲ್ಲಿ ಕಣ್ಣಿಗೆ ಕಾಣದ ಅಸಂಖ್ಯಾತ ಜೀವಿಗಳಿರುವುವು. ಇವುಗಳಲ್ಲಿ ಕೆಲವು ರೈತನ ಆಳುಗಳಿದ್ದಂತೆ. ಅವು ಹೊಲಸನ್ನು ತಿಂದು ಕರಗಿಸಿ, ಅದರಲ್ಲಿರುವ ಸಾರಜನಕ, ರಂಜಕಗಳನ್ನು ಬೇರು ಹೀರಿಕೊಳ್ಳುವಂಥ ರೂಪಕ್ಕೆ ತರುವುವು. ಗಾಳಿ ದೊರೆತಲ್ಲಿ ಈ ಕೆಲಸವು ಬೇಗನೆ, ದುರ್ವಾಸನೆಯಿಲ್ಲದೆ ನಡೆಯುವುದು; ಗಾಳಿಯಿಲ್ಲದ ಗುಂಡಿಯಲ್ಲಿ ನಿಧಾನವಾಗಿ ನಡೆದು, ಉರಿಯುವ ಅನಿಲವೂ ಹುಟ್ಟುವುದು. ಮತ್ತೆ ಕೆಲವು ಭೇದಿ, ಕಾಲರಾ, ವಿಷಮಶೀತಜ್ವರಗಳನ್ನು ಹರಡುವ ರೋಗಾಣುಗಳು. ಇವುಗಳ ಜೊತೆಗೆ ಜಂತುಹುಳುಗಳ ಮೊಟ್ಟೆಗಳೂ ಇರುವುವು. ದುಂಡು ಜಂತುಹುಳುವಿನ ಮೊಟ್ಟೆಯು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವದಿಂದಿರಬಲ್ಲುದು. ಕೊಕ್ಕೆಹುಳುವಿನ ಮರಿಯು ಬರಿಗಾಲಿನ ಚರ್ಮವನ್ನೇ ಕೊರೆದು ದೇಹವನ್ನು ಸೇರುವುದು.

ಬೆಂಗಳೂರಿನಲ್ಲಿ ನಡೆದ ಕೆಲಸ

1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಚರಂಡಿ ನೀರಿಗೆ ಗಾಳಿಯೂದಿ, ತಳದಲ್ಲಿ ನಿಂತ ಜೀವಂತ ಕೆಸರನ್ನು ಮತ್ತೆ ಮತ್ತೆ ಬಳಸಿ ನೀರನ್ನು ಶುದ್ಧಿಮಾಡುವ ಕ್ರಮವನ್ನು ಪ್ರಕಟಿಸಿದರು. ಅವರಿಗೆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ ಅವರು ತರುವಾಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅದೇ ಸಂಸ್ಥೆಯಲ್ಲಿ 1939ರಲ್ಲಿ ಡಾ. ಸಿ. ಎನ್. ಆಚಾರ್ಯರು ಊರಿನ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮುಚ್ಚಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಇದಕ್ಕೆ ‘ಬೆಂಗಳೂರು ಪದ್ಧತಿ’ ಎಂಬ ಹೆಸರು ಬಂದಿದೆ. 2015ರಲ್ಲಿ ದೇವನಹಳ್ಳಿಯಲ್ಲಿ ಶೌಚಗುಂಡಿಗಳ ಕೆಸರನ್ನೇ ಸಂಸ್ಕರಿಸುವ ಘಟಕವು ಆರಂಭವಾಯಿತು. ಅಲ್ಲಿ ಕೆಸರನ್ನು ಒಣಗಿಸಿ, ಪಟ್ಟಣದ ಹಸಿಕಸದೊಡನೆ ಕೂಡಿಸಿ ಗೊಬ್ಬರ ಮಾಡುವ ಕ್ರಮವನ್ನು ಅನುಸರಿಸಲಾಯಿತು.

ಹಸಿ ಕೆಸರಿನ ಅಪಾಯ

ಬೆಂಗಳೂರಿನ ಸುತ್ತಮುತ್ತ ಟ್ಯಾಂಕರಿನ ಕೆಸರನ್ನು ಹಾಗೆಯೇ ತೋಟಗಳಿಗೆ ಬಿಡುವ ರೂಢಿಯುಂಟು. ಕಾಯಿ ಮರದ ಮೇಲಿರುವುದರಿಂದ ದೋಷವಿಲ್ಲವೆಂದು ಹಲವರು ಭಾವಿಸುವರು. ಇದು ಸರಿಯಲ್ಲ. ಕಾಯಿ ಬೀಳುವುದು ಪಾತಿಗೇ. ಆಯುವವರೂ ಸುಲಿಯುವವರೂ ಅದನ್ನು ಬರಿಗೈಯಲ್ಲಿ ಮುಟ್ಟುವರು. ತೋಟದ ಬಾವಿಗೆ ಕೆಸರು ಇಳಿದರೆ ಮನೆಮಂದಿಗೆಲ್ಲ ಕೇಡು.

ಗೊಬ್ಬರ ಮಾಡತಕ್ಕ ಕ್ರಮ

ಬಾವಿ, ಕೆರೆ, ಹಳ್ಳಗಳಿಂದ ದೂರವಾದ ಎತ್ತರದ ಸ್ಥಳವನ್ನು ಆರಿಸಬೇಕು. ಕೆಸರನ್ನು ಒಣಗಿಸಿ, ಚೂರು ಮಾಡಿದ ತೆಂಗಿನ ಗರಿ, ನಾರಿನ ಪುಡಿ, ಒಣಹುಲ್ಲು ಮತ್ತು ಹಸಿಸೊಪ್ಪುಗಳೊಡನೆ ಪದರವಾಗಿ ಒಟ್ಟಬೇಕು. ರಾಶಿಯು ಹಿಂಡಿದ ಬಟ್ಟೆಯಷ್ಟು ತೇವವಾಗಿರಬೇಕು. ಸೂಕ್ಷ್ಮಜೀವಿಗಳ ಕೆಲಸದಿಂದ ರಾಶಿಯು ತಾನಾಗಿಯೇ ಕಾಯುವುದು. ಒಳಗಿನ ಕಾವು 55 ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟು ಹಲವು ದಿನ ನಿಂತರೆ ರೋಗಾಣುಗಳೂ ಜಂತುಗಳ ಮೊಟ್ಟೆಗಳೂ ನಾಶವಾಗುವುವು. ಹೊರಗಿನ ಭಾಗವು ಕಾಯದಿರುವುದರಿಂದ ರಾಶಿಯನ್ನು ಮಗುಚಿ, ಹೊರಗಿನದನ್ನು ಒಳಕ್ಕೆ ಹಾಕುವುದು ಅವಶ್ಯಕ. ಕಾವನ್ನು ಉಷ್ಣಮಾಪಕದಿಂದ ನೋಡಿಕೊಳ್ಳಬೇಕು. ಕಾವು ಏರಿದ್ದು ನಿಶ್ಚಯವಿಲ್ಲದಿದ್ದರೆ, ಹೊಸ ಕೆಸರು ಸೇರಿಸದೆ ಒಂದು ವರ್ಷಕ್ಕೂ ಹೆಚ್ಚು ಕಾಲ ರಾಶಿಯನ್ನು ಮುಚ್ಚಿಡತಕ್ಕದ್ದು.

ಕಪ್ಪಗೆ ಪುಡಿಯಾಗಿ ಮಣ್ಣಿನ ವಾಸನೆ ಬಂದಾಗ ಗೊಬ್ಬರವು ಕಳಿತಿದೆಯೆಂದು ತಿಳಿಯಬಹುದು. ಆದರೆ ಅದು ನಿರಪಾಯವೆಂಬುದಕ್ಕೆ ಕಾವಿನ ಅಳತೆಯೂ ಕಾಲದ ಲೆಕ್ಕವೂ ಬೇಕು. ಫಲಬಿಡುವ ಮರಕ್ಕೆ ವರ್ಷಕ್ಕೆ 50 ಕಿಲೋಗ್ರಾಂ ಸಾವಯವ ಗೊಬ್ಬರ ಸಾಕು. ಬುಡದಿಂದ ಸುಮಾರು 6 ಅಡಿ ದೂರದವರೆಗಿನ ಪಾತಿಯಲ್ಲಿ ಹರಡಿ ಮಣ್ಣು ಮುಚ್ಚಬೇಕು. ಕೆಸರಿನಲ್ಲಿ ಪೊಟ್ಯಾಷ್ ಕಡಮೆ. ತೆಂಗಿಗೆ ಬೇಕಾದುದು ಅದೇ ಹೆಚ್ಚು. ಅದನ್ನು ಕಟ್ಟಿಗೆ ಬೂದಿಯಿಂದಲೋ ಪೊಟ್ಯಾಷ್ ಗೊಬ್ಬರದಿಂದಲೋ ತುಂಬಬೇಕು. ಬೂದಿಯನ್ನು ಕಾಯುವ ರಾಶಿಗೆ ಬೆರಸಿದರೆ ಸಾರಜನಕವು ಆವಿಯಾಗಿ ಹೋಗುವುದು. ಆದಕಾರಣ ಪಾತಿಗೆ ಬೇರೆಯಾಗಿಯೇ ಹಾಕಬೇಕು.

ಗ್ರಾಮದ ಮುಖಂಡರು ಗಮನಿಸತಕ್ಕ ವಿಷಯಗಳು

1. ಗುಂಡಿಯೊಳಕ್ಕೆ ಯಾರನ್ನೂ ಇಳಿಸಕೂಡದು. ಅಲ್ಲಿನ ವಿಷಗಾಳಿಯು ಕ್ಷಣದಲ್ಲಿ ಪ್ರಾಣ ತೆಗೆಯುವುದು. ಕೈಯಿಂದ ಮಲ ಬಳಿಸುವುದು 2013ರ ಕಾಯಿದೆಯಂತೆ ಅಪರಾಧ. ಯಾವ ಜಾತಿಯವರಿಗೂ ಇದು ಹುಟ್ಟಿನಿಂದ ಬಂದ ಕೆಲಸವಲ್ಲ. ಕೆಸರನ್ನು ಯಂತ್ರದಿಂದಲೇ ತೆಗೆಸಬೇಕು.

2. ರಾಶಿ ಮಗುಚುವವರಿಗೆ ಕೈಚೀಲ, ಬೂಟು ಮತ್ತು ಸೋಪು ಒದಗಿಸುವುದು ತೋಟದ ಒಡೆಯನ ಕರ್ತವ್ಯ.

3. ಕಾರ್ಖಾನೆಯ ನೀರು ಸೇರಿದ ಕೆಸರನ್ನು ತರಕೂಡದು. ಅದರಲ್ಲಿ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳಿದ್ದರೆ ಅವನ್ನು ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಮಾಡಲಾರದು.

4. ಸೊಪ್ಪು, ತರಕಾರಿಗಳ ಮಡಿಗೆ ಈ ಗೊಬ್ಬರವನ್ನು ಹಾಕದಿರುವುದೇ ಕ್ಷೇಮ.

ಹಸಿಯಾಗಿ ಸುರಿದ ಕೆಸರು ರೋಗದ ಬೀಜ. ಕಾದು ಕಳಿತ ಕೆಸರು ಮರಕ್ಕೆ ಆಹಾರ. ಇವೆರಡರ ನಡುವಿನ ಕೆಲಸವನ್ನು ಮಾಡುವವು ಸೂಕ್ಷ್ಮಜೀವಿಗಳು. ಅವುಗಳಿಗೆ ಗಾಳಿ, ತೇವ ಮತ್ತು ಕಾಲಾವಕಾಶಗಳನ್ನು ಕೊಡುವುದು ರೈತನ ಪಾಲಿನ ಕೆಲಸ.