ಹಳೆ ಕಾರಿನ ವೈರಿಂಗಿಗೆ ಹೊಸ ಹೊದಿಕೆ

ಹಳೆಯ ಅಂಬಾಸಿಡರನ್ನೋ ಫಿಯೆಟ್ಟನ್ನೋ ಪ್ರೀತಿಯಿಂದ ಉಳಿಸಿಕೊಂಡವರು ಪೇಂಟು, ಎಂಜಿನ್, ಸೀಟು ಎಂದು ಒಂದೊಂದಾಗಿ ಸರಿಮಾಡಿಸುತ್ತಾರೆ. ಡ್ಯಾಶ್‌ಬೋರ್ಡಿನ ಹಿಂದಿನಿಂದ ಹೊರಟು ಬಾನೆಟ್ಟಿನ ಅಂಚು ಹಿಡಿದು ಹೆಡ್‌ಲೈಟ್‌ವರೆಗೆ ಹೋಗುವ ವೈರುಗಳ ಕಂತೆ ನೆನಪಾಗುವುದು ದೀಪ ಮಂಕಾದಾಗ, ಇಲ್ಲವೇ ಸುಟ್ಟ ವಾಸನೆ ಬಂದಾಗ. ವೈರಿಂಗ್ ಹಾರ್ನೆಸ್ ಎಂದು ಕರೆಯುವ ಈ ಕಂತೆಯ ಮೇಲೆ ಸುತ್ತಿರುವ ಟೇಪು ಅಂದಕ್ಕಾಗಿ ಇರುವುದಲ್ಲ. ವೈರು ತಗಡಿಗೆ ಉಜ್ಜದಂತೆ ಕಾಯುವುದು ಅದರ ಕೆಲಸ. ಅದು ಹೋದರೆ ಕಾರಿಗೇ ಅಪಾಯ.

ವೈರಿನೊಳಗಿನ ತಾಮ್ರ ಅಷ್ಟು ಬೇಗ ಕೆಡುವುದಿಲ್ಲ, ಕೆಡುವುದು ಅದರ ಹೊದಿಕೆ. ಹಿಂದಿನ ಕಾರುಗಳಲ್ಲಿ ತಾಮ್ರದ ಮೇಲೆ ರಬ್ಬರು, ಅದರ ಮೇಲೆ ಹತ್ತಿ ನೂಲಿನ ಹೆಣಿಗೆ ಇರುತ್ತಿತ್ತು. ಗಾಳಿಯ ಆಮ್ಲಜನಕ ಮತ್ತು ಎಂಜಿನ್ನಿನ ಶಾಖ ಸೇರಿ ಆ ರಬ್ಬರನ್ನು ಒಣಗಿಸಿ ಪುಡಿಮಾಡುತ್ತವೆ. ನಂತರ ಬಂದದ್ದು ಪಿವಿಸಿ. ಮನೆಯ ನೀರಿನ ಪೈಪೂ ಅದೇ ಪ್ಲಾಸ್ಟಿಕ್, ಆದರೆ ಪೈಪು ಗಟ್ಟಿ, ವೈರಿನ ಹೊದಿಕೆ ಮೆತ್ತಗೆ. ಮೆತ್ತಗಾಗಿಸುವುದು ಅದರಲ್ಲಿ ಬೆರೆಸಿದ ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ವಸ್ತು. ಅದು ಪಿವಿಸಿಯ ಉದ್ದನೆಯ ಅಣುಗಳ ನಡುವೆ ಸೇರಿಕೊಂಡಿರುತ್ತದೆಯೇ ಹೊರತು ರಾಸಾಯನಿಕವಾಗಿ ಅವಕ್ಕೆ ಅಂಟಿಕೊಂಡಿರುವುದಿಲ್ಲ. ಹೀಗಾಗಿ ವರ್ಷಗಟ್ಟಲೆ ಬಿಸಿ ತಾಗಿದಾಗ ಮೆಲ್ಲಗೆ ಹೊರಬೀಳುತ್ತದೆ. ಉಳಿಯುವುದು ಬಗ್ಗಿಸಿದರೆ ಸೀಳುವ ಒರಟು ಹೊದಿಕೆ.

ಅಂಗಡಿಯ ಮಾಮೂಲಿ ಇನ್ಸುಲೇಷನ್ ಟೇಪು ಕಂತೆಯ ಮೇಲೆ ಬಾಳದಿರುವುದಕ್ಕೂ ಇದೇ ಕಾರಣ. ಹೊರಬಂದ ಪ್ಲಾಸ್ಟಿಸೈಸರ್ ಟೇಪಿನ ಅಂಟಿನೊಳಗೆ ಇಳಿದು ಅದನ್ನು ಕರಗಿಸುತ್ತದೆ, ಬಾನೆಟ್ಟಿನ ಬಿಸಿ ಅದಕ್ಕೆ ಜೊತೆಯಾಗುತ್ತದೆ. ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಟೇಪು ಜಾರಿ, ಜಿಗುಟಾದ ಕಪ್ಪು ಅಂಟು ವೈರುಗಳ ಬಣ್ಣವನ್ನೇ ಮುಚ್ಚಿ, ಧೂಳು ಹಿಡಿಯುತ್ತದೆ. ಹಾಗಾಗಿ ಎಷ್ಟೋ ಕಾರ್ಖಾನೆಗಳು ಕಂತೆಗೆ ಅಂಟೇ ಇಲ್ಲದ ಪಿವಿಸಿ ಟೇಪು ಸುತ್ತಿ, ತುದಿಯಲ್ಲಿ ಮಾತ್ರ ಅಂಟಿನ ಟೇಪಿನಿಂದ ಬಿಗಿಯುತ್ತಿದ್ದವು.

ಹೊದಿಕೆ ಸವೆದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡೋಣ. 0.30 ಮಿ.ಮೀ. ದಪ್ಪದ 14 ಎಳೆಗಳ ವೈರಿನ ಅಡ್ಡಕೊಯ್ತ ಸುಮಾರು 1 ಚದರ ಮಿ.ಮೀ. ಅದು ನಿರಾತಂಕವಾಗಿ ಹೊರುವುದು 8 ಆಂಪಿಯರ್ ಆಸುಪಾಸು. ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ತೂತಿನಲ್ಲಿ ಅದು ಉಜ್ಜಿ, ತಾಮ್ರ ನೇರವಾಗಿ ಬಾಡಿಗೆ ತಾಗಿತೆನ್ನಿ. ದಾರಿಯ ಒಟ್ಟು ರೋಧ 0.03 ಓಮ್ ಆದರೆ, 12 ವೋಲ್ಟಿನ ಬ್ಯಾಟರಿ 400 ಆಂಪಿಯರ್ ಹರಿಸುತ್ತದೆ. ಶಾಖ ಏರುವುದು ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ. ಅಂದರೆ ವಿದ್ಯುತ್ತು 50 ಪಟ್ಟಾದರೆ ಶಾಖ 2,500 ಪಟ್ಟು. ವೈರು ಕ್ಷಣಗಳಲ್ಲಿ ಕೆಂಪಗೆ ಕಾದು ಅಕ್ಕಪಕ್ಕದ ವೈರುಗಳನ್ನೂ ಸುಡುತ್ತದೆ. ಅಂಬಾಸಿಡರಿನ ಮೂಲವಾದ ಮಾರಿಸ್ ಆಕ್ಸ್‌ಫರ್ಡಿನ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಇದ್ದದ್ದು ಎರಡೇ ಫ್ಯೂಸು. ಬ್ಯಾಟರಿಯಿಂದ ಬರುವ ಕಂದು ಬಣ್ಣದ ಮುಖ್ಯ ವೈರಿಗೆ ಫ್ಯೂಸೇ ಇರುತ್ತಿರಲಿಲ್ಲ.

ಕೆಲಸ ಶುರುಮಾಡುವ ಮುನ್ನ ಬ್ಯಾಟರಿಯ ಅರ್ಥ್ ವೈರನ್ನು, ಅಂದರೆ ಬಾಡಿಗೆ ಸೇರುವ ವೈರನ್ನು, ಮೊದಲು ಬಿಚ್ಚಬೇಕು. ಆಮೇಲೆ ಇನ್ನೊಂದನ್ನು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರದು. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಸೇರುತ್ತಿದ್ದದ್ದು ಬ್ಯಾಟರಿಯ ಪಾಸಿಟಿವ್ ತುದಿ, ಆದ್ದರಿಂದ ಯಾವುದು ಅರ್ಥ್ ಎಂದು ನೋಡಿಕೊಂಡೇ ಕೈ ಹಾಕಬೇಕು. ಕಂತೆಯ ಪ್ರತಿ ಕವಲಿನ ಫೋಟೋ ತೆಗೆದು, ತುದಿಗಳಿಗೆ ಚೀಟಿ ಕಟ್ಟಿ, ಹಳೆಯ ಟೇಪನ್ನು ಕೈಯಿಂದಲೇ ಬಿಡಿಸಿ. ಬ್ಲೇಡು ಹೊದಿಕೆಯನ್ನೂ ಸೀಳುತ್ತದೆ. ಪೆಟ್ರೋಲು, ಥಿನ್ನರ್ ಬೇಡ, ಅಳಿದುಳಿದ ಪ್ಲಾಸ್ಟಿಸೈಸರನ್ನೂ ಅವು ಸೆಳೆದುಬಿಡುತ್ತವೆ. ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ.

ಈಗ ಪ್ರತಿ ವೈರನ್ನೂ ಮೆಲ್ಲಗೆ ಬಗ್ಗಿಸಿ ನೋಡಿ. ಬಿರುಕು ಬಿಡದಿದ್ದರೆ ಅದು ಇನ್ನೂ ಬಾಳುತ್ತದೆ. ಬಿಟ್ಟರೆ ಅದೇ ಬಣ್ಣ, ಅದೇ ದಪ್ಪದ ಹೊಸ ವೈರನ್ನೇ ಹಾಕಬೇಕು. ಸತ್ತ ವೈರಿಗೆ ಟೇಪು ಸುತ್ತಿದರೆ ರೋಗವನ್ನು ಬಚ್ಚಿಟ್ಟಂತೆ. ಬಣ್ಣದ ವಿಷಯದಲ್ಲಿ ರಾಜಿ ಬೇಡ. ಬ್ರಿಟಿಷ್ ಪದ್ಧತಿಯಲ್ಲಿ ಬಿಳಿ ಇಗ್ನಿಷನ್ನಿಗೆ, ನೀಲಿ ಹೆಡ್‌ಲೈಟಿಗೆ, ಕಪ್ಪು ಅರ್ಥಿಗೆ. ಮುಂದೆ ಈ ಕಾರನ್ನು ಬಿಚ್ಚುವವರಿಗೆ ಆ ಬಣ್ಣಗಳೇ ನಕ್ಷೆ.

ಕಾರಿನೊಳಗಿನ ಭಾಗಕ್ಕೆ ಬಟ್ಟೆಯ ಟೇಪು ಒಳ್ಳೆಯದು, ಅದು ಕಿರಗುಟ್ಟುವ ಸದ್ದನ್ನೂ ತಗ್ಗಿಸುತ್ತದೆ. ಬಾನೆಟ್ಟಿನಡಿ ಅಂಟಿಲ್ಲದ ಪಿವಿಸಿ ಟೇಪು ಸಾಕು. ಬಿಸಿ ಅಥವಾ ಉಜ್ಜಾಟ ಹೆಚ್ಚಿರುವಲ್ಲಿ ಅದರ ಮೇಲೊಂದು ಸುಕ್ಕು ಪೈಪು ತೊಡಿಸಬಹುದು. ತಗಡಿನ ತೂತುಗಳ ಅಂಚಿಗೆ ಗ್ರೊಮೆಟ್ ಎಂಬ ಹೊಸ ರಬ್ಬರ್ ಬಳೆ ಕಡ್ಡಾಯ. ಟೇಪಿನ ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು, ಆಗ ಎಲ್ಲೆಡೆ ಎರಡು ಪದರ ಬರುತ್ತದೆ. ಮೇಲಿಂದ ಕೆಳಕ್ಕೆ ಇಳಿಯುವ ಕಂತೆಯಾದರೆ ಕೆಳಗಿನಿಂದ ಮೇಲಕ್ಕೆ ಸುತ್ತುತ್ತ ಹೋಗಿ. ಹೆಂಚಿನ ಮಾಡಿನಂತೆ ಮೇಲಿನ ಪದರ ಕೆಳಗಿನದನ್ನು ಮುಚ್ಚಿ ಮಳೆಗಾಲದ ನೀರನ್ನು ಹೊರಗೇ ಜಾರಿಸುತ್ತದೆ. ತೀರಾ ಬಿಗಿಯಾಗಿ ಎಳೆಯಬೇಡಿ, ಎಳೆದ ಟೇಪು ಕುಗ್ಗಿ ತುದಿ ಬಿಚ್ಚಿಕೊಳ್ಳುತ್ತದೆ. ಎಂಜಿನ್ ಅಲುಗಾಡುವ ಕಡೆ ವೈರಿಗೆ ಒಂದಿಷ್ಟು ಸಡಿಲ ಬಿಡಿ.

ಹೊದಿಕೆ ಮುಗಿದರೂ ಪರೀಕ್ಷೆ ಉಳಿದಿರುತ್ತದೆ. ಹೆಡ್‌ಲೈಟ್ ಹಾಕಿ, ಬ್ಯಾಟರಿಯ ತುದಿಗಳಲ್ಲೂ ಬಲ್ಬಿನ ತುದಿಗಳಲ್ಲೂ ಮಲ್ಟಿಮೀಟರ್ ಹಿಡಿದು ನೋಡಿ. ತುಕ್ಕು ಹಿಡಿದ ಜೋಡಣೆಗಳಲ್ಲಿ ಬ್ಯಾಟರಿಯ ವೋಲ್ಟೇಜಿನ ಹತ್ತನೇ ಒಂದು ಭಾಗ ಸೋರಿದರೆ ಬೆಳಕು ಸುಮಾರು ಶೇಕಡ 30 ಕುಗ್ಗುತ್ತದೆ. ದೀಪ ಮಂಕಾದರೆ ಬಲ್ಬು ಬದಲಿಸುವ ಮೊದಲು ಅರ್ಥ್ ಬಿಂದುಗಳನ್ನು ಉಜ್ಜಿ ಹೊಳೆಯುವಂತೆ ಮಾಡಿ. ಜೊತೆಗೆ ಬಲ್ಲ ಆಟೋ ಎಲೆಕ್ಟ್ರಿಷಿಯನ್ನಿಂದ ಕಂದು ವೈರಿಗೆ, ಬ್ಯಾಟರಿಯ ಪಕ್ಕದಲ್ಲೇ, ತಕ್ಕ ಅಳತೆಯ ಫ್ಯೂಸೊಂದನ್ನು ಹಾಕಿಸಿ. ಇಡೀ ರಿಪೇರಿಯಲ್ಲಿ ಅತಿ ಅಗ್ಗದ ವಸ್ತು ಅದು. ಸುತ್ತಿದ ಟೇಪು ಎಲ್ಲಾದರೂ ಸವೆದ ದಿನ ಕಾರನ್ನು ಉಳಿಸುವುದೂ ಅದೇ.