ಪರದೆಯ ಮೇಲಿನ ಅಕ್ಷರ

‘ದನ’ ಎಂದರೆ ಗೋವು. ‘ಧನ’ ಎಂದರೆ ಹಣ. ಈ ಎರಡು ಪದಗಳನ್ನು ಬೇರ್ಪಡಿಸುವುದು ಮೊದಲ ಅಕ್ಷರದ ಅಡಿಯಲ್ಲಿರುವ ಒಂದು ಪುಟ್ಟ ಸೀಳು. ಕನ್ನಡ ಲಿಪಿಯಲ್ಲಿ ಇಂತಹ ಸೂಕ್ಷ್ಮಗಳು ಹಲವು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನಗಳೂ ಒಂದು ಸ್ವರವೂ ಅಡಗಿವೆ. ಲೇಖನಿಗೆ ಇವು ಕಷ್ಟವಲ್ಲ. ಗಣಕಯಂತ್ರದ ಪರದೆಗೆ ಕಷ್ಟ.

ಇದು ಕೇವಲ ಅಂದಚಂದದ ಮಾತಲ್ಲ. ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ 2002ರ ಹೊತ್ತಿಗೆ ಸುಮಾರು ಎರಡು ಕೋಟಿ ಪಹಣಿಗಳು ಕೈಬರಹದ ಪುಸ್ತಕಗಳಿಂದ ಗಣಕಕ್ಕೆ ಏರಿದವು. ತಾಲ್ಲೂಕು ಕೇಂದ್ರಗಳಲ್ಲಿ ರೈತನ ಕಡೆಗೆ ಮುಖಮಾಡಿದ ಎರಡನೆಯ ಪರದೆಯನ್ನು ಇರಿಸುವ ಏರ್ಪಾಡಿತ್ತು. ತನ್ನ ಜಮೀನಿನ ವಿವರವನ್ನು ರೈತನೇ ಕಣ್ಣಾರೆ ಕಾಣಬೇಕೆಂಬುದು ಅದರ ಉದ್ದೇಶ. ಹೆಸರಿನ ಒಂದು ಒತ್ತಕ್ಷರ ತಪ್ಪಿದರೆ, ಅದನ್ನು ತಿದ್ದಿಸಲು ಎಷ್ಟೋ ಬಾರಿ ಕಚೇರಿಗೆ ಅಲೆಯಬೇಕಾಗುತ್ತದೆ.

ನಂಜನಗೂಡು ತಾಲ್ಲೂಕಿನ ಬಿಳಿಗೆರೆಯಲ್ಲಿ ಒಬ್ಬ ತರುಣನು ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆಗಳನ್ನು ಬೆರಳಚ್ಚು ಮಾಡಿಕೊಡುವ ಅಂಗಡಿಯನ್ನು ತೆರೆಯುತ್ತಾನೆಂದು ಭಾವಿಸೋಣ. ಅವನ ಮುಂದೆ 27 ಅಂಗುಲದ ಎರಡು ಪರದೆಗಳಿವೆ. ಅಳತೆ ಒಂದೇ, ಬೆಲೆ ಮಾತ್ರ ಒಂದಕ್ಕಿಂತ ಇನ್ನೊಂದಕ್ಕೆ ಬಹಳ ಹೆಚ್ಚು. ಹೆಚ್ಚಿನ ಹಣ ತೆರುವುದು ಸಾರ್ಥಕವೇ?

ಪರದೆಯ ಚಿತ್ರವೆಲ್ಲ ಚುಕ್ಕಿಗಳ ಜೋಡಣೆ. ಸಾಮಾನ್ಯ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕಿಗಳಿರುತ್ತವೆ. ದುಬಾರಿ ಪರದೆಯಲ್ಲಿ ಅಡ್ಡಲಾಗಿ 3840, ಉದ್ದಕ್ಕೆ 2160, ಒಟ್ಟು 82,94,400. ಎಂದರೆ ಸರಿಯಾಗಿ ನಾಲ್ಕು ಪಟ್ಟು. ಮೊದಲನೆಯದರಲ್ಲಿ ಒಂದು ಚುಕ್ಕಿಯ ಅಗಲ ಸುಮಾರು 0.31 ಮಿಲಿಮೀಟರ್, ಎರಡನೆಯದರಲ್ಲಿ ಅದರ ಅರ್ಧ. ಗುಣಿತದ ಚಿಹ್ನೆಯೂ ಒತ್ತಕ್ಷರವೂ ಸೇರಿ ಅಕ್ಷರದ ಎತ್ತರ ನಾಲ್ಕು ಮಿಲಿಮೀಟರ್ ಇದ್ದರೆ, ಅದನ್ನು ಬಿಡಿಸಲು ಮೊದಲನೆಯದರಲ್ಲಿ ದೊರೆಯುವುದು ಹದಿಮೂರೇ ಸಾಲು ಚುಕ್ಕಿಗಳು. ಎರಡನೆಯದರಲ್ಲಿ ಸುಮಾರು ಇಪ್ಪತ್ತಾರು. ಚುಕ್ಕಿಗಳು ಸಾಲದಾದಾಗ ಗಣಕವು ಅಕ್ಷರದ ಅಂಚಿಗೆ ನಸುಬಣ್ಣ ತುಂಬಿ ಕೊರತೆಯನ್ನು ಮರೆಮಾಡುತ್ತದೆ. ಆಗ ಒತ್ತಕ್ಷರ ಮಸುಕಾಗಿ ತೋರುತ್ತದೆ.

ಹಾಗಾದರೆ ಚುಕ್ಕಿಗಳು ಹೆಚ್ಚಿದಷ್ಟೂ ಒಳಿತೇ? ಇಲ್ಲ, ಕಣ್ಣಿಗೂ ಒಂದು ಮಿತಿಯಿದೆ. ಆರೋಗ್ಯವಂತ ಕಣ್ಣು ಒಂದು ಅಂಶದ ಅರವತ್ತನೆಯ ಒಂದು ಭಾಗದಷ್ಟು ಕೋನವನ್ನು ಗುರುತಿಸಬಲ್ಲದೆಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಅರವತ್ತು ಸೆಂಟಿಮೀಟರ್ ದೂರದಲ್ಲಿ ಇದು ಸುಮಾರು 0.17 ಮಿಲಿಮೀಟರ್ ಆಗುತ್ತದೆ. ಅಷ್ಟು ಹತ್ತಿರ ಕುಳಿತವನಿಗೆ ಸಾಮಾನ್ಯ ಪರದೆಯ ಒರಟುತನ ಕಾಣುತ್ತದೆ. ದುಬಾರಿ ಪರದೆಯದು ಕಾಣದು. ಒಂದು ಮೀಟರಿಗಿಂತ ತುಸು ಹಿಂದೆ ಸರಿದರೆ ಎರಡೂ ಹೆಚ್ಚುಕಡಮೆ ಒಂದೇ. ತರಗತಿಯ ಗೋಡೆಯ ಮೇಲೆ ಇಂತಹ ಪರದೆಯನ್ನಿರಿಸಿ, ಮೂರು ಮೀಟರ್ ದೂರದ ಬೆಂಚಿನಿಂದ ನೋಡುವ ವಿದ್ಯಾರ್ಥಿಗೆ ತೆತ್ತ ಹೆಚ್ಚಿನ ಹಣವೆಲ್ಲ ವ್ಯರ್ಥ.

ಪರದೆಯಿಂದ ಆಗದ ಕೆಲಸಗಳೂ ಉಂಟು. ಮಸುಕಾಗಿ ತೆಗೆದ ಹಳೆಯ ಪತ್ರದ ಚಿತ್ರವನ್ನು ಅದು ಸ್ಫುಟಗೊಳಿಸಲಾರದು. ಕಾಗದದ ಮೇಲಿನ ಮುದ್ರಣದ ಅಂದವೂ ಅದರ ಕೈಯಲ್ಲಿಲ್ಲ. ಅದು ಮುದ್ರಕಯಂತ್ರಕ್ಕೆ ಸೇರಿದ್ದು. ಗಣಕವು ಹಳೆಯದಾಗಿದ್ದರೆ ಅಷ್ಟೊಂದು ಚುಕ್ಕಿಗಳನ್ನು ನಡೆಸಲಾರದೆ ಹೋಗಬಹುದು. ಅಕ್ಷರವನ್ನು ದೊಡ್ಡದು ಮಾಡಿ ಓದುವುದಕ್ಕಂತೂ ಕಾಸಿನ ಖರ್ಚೂ ಇಲ್ಲ; ಪುಟದ ಸ್ವಲ್ಪ ಭಾಗ ಮಾತ್ರ ಒಮ್ಮೆಗೆ ಕಾಣುವುದೊಂದೇ ಅದರ ತೊಡಕು.

ಆದುದರಿಂದ ಬಿಳಿಗೆರೆಯ ತರುಣನು ಕೊಳ್ಳುವ ಮೊದಲು ತನ್ನ ಕೆಲಸವನ್ನು ಅಳೆದು ನೋಡಬೇಕು. ಒಂದು ಕರಾರುಪತ್ರವನ್ನು ಎರಡೂ ಪರದೆಗಳಲ್ಲಿ ತೆರೆದು, ತಾನು ನಿತ್ಯ ಕುಳಿತುಕೊಳ್ಳುವಷ್ಟೇ ದೂರದಿಂದ ಓದಬೇಕು. ದಿನಕ್ಕೆ ಎರಡು ಅರ್ಜಿಗಳಷ್ಟೇ ಬರುವುದಾದರೆ ಅಗ್ಗದ ಪರದೆಯೂ ದೊಡ್ಡ ಅಕ್ಷರವೂ ಸಾಕು. ಉಳಿದ ಹಣ ಒಳ್ಳೆಯ ಮುದ್ರಕಯಂತ್ರಕ್ಕೆ ಒದಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಪುಟಗಟ್ಟಲೆ ಕರಡು ತಿದ್ದುವವನಾದರೆ, ಆ ಹೆಚ್ಚಿನ ಬೆಲೆ ಅವನ ಕಣ್ಣಿಗೂ ಇತರರ ಹೆಸರಿಗೂ ಕಾವಲಾಗುತ್ತದೆ. ಅಂಗಡಿಯವನು ಹೇಳಬಲ್ಲುದು ಚುಕ್ಕಿಗಳ ಸಂಖ್ಯೆಯನ್ನು ಮಾತ್ರ. ‘ದನ’ವು ‘ಧನ’ವಾಗದಂತೆ ನೋಡಿಕೊಳ್ಳಬೇಕಾದ ಕಣ್ಣು ಕೊಳ್ಳುವವನದೇ.